ಎಡಕ್ಕೊಂದು ಅಳತೆ, ಬಲಕ್ಕೊಂದು

ನನ್ನ ಬಲಭುಜ ಎಡಭುಜಕ್ಕಿಂತ ಕೆಳಗಿದೆ. ಬೆನ್ನುಮೂಳೆ ನಡುವಲ್ಲಿ ಒಂದು ಕಡೆಗೆ ವಾಲಿಕೊಂಡಿದೆ. ಹದಿಮೂರನೆಯ ವಯಸ್ಸಿನಿಂದ ಹೀಗೆಯೇ. ರೆಡಿಮೇಡ್ ಕುರ್ತಾ ಯಾವುದನ್ನು ಹಾಕಿಕೊಂಡರೂ ಅರ್ಧ ಗಂಟೆಯೊಳಗೆ ಕೊರಳು ಬಲಕ್ಕೆ ಜಾರುತ್ತದೆ, ಕೆಳಗಿನ ಅಂಚು ಆ ಕಡೆಗೇ ಇಳಿಬೀಳುತ್ತದೆ. ಬೆನ್ನಿನ ಮೇಲೆ ಬಟ್ಟೆ ಓರೆಯಾಗಿ ಮಡಿಕೆ ಕಟ್ಟುತ್ತದೆ.

ಇಪ್ಪತ್ತು ವರ್ಷ ಇದನ್ನು ಸಂಭಾಳಿಸಿಕೊಂಡು ಬಂದವರು ಚೆಂಬೂರು ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿದ್ದ ಟೈಲರ್ ಮಾಸ್ಟರ್. ವಿಜಯಪುರದ ಕಡೆಯವರು. "ಒಳಗೊಂದು ಪ್ಯಾಡ್ ಇಟ್ಟೀನಿ ತಂಗಿ, ಯಾರಿಗೂ ಗೊತ್ತಾಗೂದಿಲ್ಲ" ಎನ್ನುತ್ತಿದ್ದರು. ಮೇ ತಿಂಗಳಲ್ಲಿ ಆ ಪ್ಯಾಡ್ ಬೆವರು ಕುಡಿದು ಭಾರವಾಗುತ್ತಿತ್ತು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅದು ಸರಿದು ಕತ್ತಿನ ಬಳಿ ಗಂಟಿನಂತೆ ನಿಲ್ಲುತ್ತಿತ್ತು. ಆದರೂ ಅದಿಲ್ಲದೆ ನಾನು ಮನೆಯಿಂದ ಹೊರಬಿದ್ದವಳಲ್ಲ. ಹೋದ ವರ್ಷ ಅವರ ಅಂಗಡಿಯಿದ್ದ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಯಿತು, ಹೊಸದು ಕಟ್ಟಲು ಹಳೆಯದನ್ನು ಕೆಡವಿದರು. ಮಾಸ್ಟರ್ ಮಗನ ಮನೆಗೆಂದು ದೂರ ಕಲ್ಯಾಣದಾಚೆ ಹೊರಟುಹೋದರು. ಬೇರೆ ಇಬ್ಬರು ಟೈಲರುಗಳ ಬಳಿ ಹೋಗಿ ನೋಡಿದೆ. ಒಬ್ಬ ನನ್ನ ಅಳತೆ ತೆಗೆದುಕೊಳ್ಳುತ್ತ ಪಕ್ಕದವನಿಗೆ ಕಣ್ಣಲ್ಲೇ ಏನೋ ಹೇಳಿದ. ಮತ್ತೆ ಆ ಕಡೆ ಹೋಗಲಿಲ್ಲ.

ನನ್ನ ಕೆಲಸ ಅಂಧೇರಿಯ ಒಂದು ಆಫೀಸಿನಲ್ಲಿ. ಸೀರಿಯಲ್ಲುಗಳಿಗೆ ಸಬ್‌ಟೈಟಲ್ ಕೂರಿಸುವುದು. ಕಂಪ್ಯೂಟರ್ ಮುಂದೆ ಕೂತು ಅಭ್ಯಾಸವಿತ್ತು, ಮನೆಯಲ್ಲಿ ಅವ್ವನ ಹೊಲಿಗೆ ಯಂತ್ರವಿತ್ತು, ಲಂಗ, ದಿಂಬಿನ ಚೀಲ ಹೊಲಿಯುವಷ್ಟು ಕೈ ಪಳಗಿತ್ತು. ಬಟ್ಟೆಯ ನಕ್ಷೆ ಬರೆದುಕೊಡುವ ಸಾಫ್ಟ್‌ವೇರ್ ಒಂದಿದೆ ಎಂದು ಗೊತ್ತಾದಾಗ ಎರಡನೇ ಯೋಚನೆ ಮಾಡದೆ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ನಮ್ಮ ಮೈಯ ಅಳತೆಗಳನ್ನು ತುಂಬಿದರೆ ಅದು ಮುಂಭಾಗ, ಹಿಂಭಾಗ, ತೋಳು ಎಲ್ಲದರ ಗೆರೆ ಎಳೆದು ಕೊಡುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸಿ ಬಟ್ಟೆಯ ಮೇಲಿಟ್ಟು ಕತ್ತರಿಸುವುದು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಕೊಡಬಹುದು ಎಂದು ಅದರಲ್ಲಿ ನೋಡಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಟೇಪು ತಂದೆ.

ಆದರೆ ನಮ್ಮ ಬೆನ್ನನ್ನು ನಾವೇ ಅಳೆದುಕೊಳ್ಳಲು ಬರುವುದಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಇರುವುದು ನಾನು ಮತ್ತು ಅವ್ವ. ಸೊಂಟಕ್ಕೆ ದಾರ ಕಟ್ಟಿಕೊಂಡು ಲ್ಯಾಪ್‌ಟಾಪ್ ಮುಂದೆ ನಿಂತೆ. ಅವ್ವ ಹಿಂದೆ ನಿಂತು ಟೇಪು ಹಿಡಿದಳು.

"ನೆಟ್ಟಗ ನಿಂದ್ರು" ಎಂದಳು. ಸಣ್ಣವಳಿದ್ದಾಗಿನಿಂದ ಕೇಳಿದ ಮಾತು.

"ಭುಜದ ತುದಿಯಿಂದ ದಾರದ ತನಕ ಎಷ್ಟದ ಹೇಳು."

"ಹದಿನೈದು."

"ಬಲಕ್ಕ?"

ಟೇಪನ್ನು ತೆಗೆದು ಮತ್ತೆ ಇಟ್ಟಳು. "ಹದಿನೈದs ಬರಕೋ."

ನಾನು ಬರೆದುಕೊಂಡೆ. ಅನುಮಾನ ಬರಬೇಕಿತ್ತು, ಬರಲಿಲ್ಲ. ಅಷ್ಟೇನೂ ಡೊಂಕಿಲ್ಲವೇನೋ, ಇಷ್ಟು ದಿನ ನಾನೇ ದೊಡ್ಡದು ಮಾಡಿಕೊಂಡಿದ್ದೆನೇನೋ ಎಂದು ಒಳಗೊಳಗೇ ಹಗುರಾದೆ.

ಮೊದಲ ಕುರ್ತಾವನ್ನು ಅಗ್ಗದ ಕೋರಾ ಬಟ್ಟೆಯಲ್ಲಿ ಪರೀಕ್ಷೆಗೆಂದು ಹೊಲಿದೆ. ಹಾಕಿಕೊಂಡರೆ ಅದೇ ಕಥೆ, ಕೊರಳು ಬಲಕ್ಕೆ ಜಾರಿತು. ಪ್ರಿಂಟರ್ ಅಳತೆ ಕುಗ್ಗಿಸಿರಬೇಕು ಎಂದುಕೊಂಡು, ಆರ್ಕಿಟೆಕ್ಟರ ನಕ್ಷೆ ಮುದ್ರಿಸುವ ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ತೆಗೆಸಿದೆ. ಎರಡನೆಯದೂ ಹಾಗೇ ಆಯಿತು. ಬಟ್ಟೆ ಒಗೆಯದೆ ಕತ್ತರಿಸಿದ್ದು ತಪ್ಪು ಎಂದುಕೊಂಡು ಒಗೆದು ಒಣಗಿಸಿ ಮೂರನೆಯದನ್ನು ಹೊಲಿದೆ. ಆಫೀಸಿನಲ್ಲಿ ಸಬ್‌ಟೈಟಲ್ ಕೂರಿಸುತ್ತಿದ್ದರೂ ತಲೆಯಲ್ಲಿ ಭುಜದ ಗೆರೆ ಓಡುತ್ತಿತ್ತು. ಊಟದ ತಟ್ಟೆಯ ಮುಂದೆಯೂ ಫೋನಿನಲ್ಲಿ ಬೇರೆಯವರು ಹೊಲಿದ ವಿಡಿಯೋ ನೋಡುತ್ತಿದ್ದೆ. "ಒಂದು ಕಡೆ ಕುಂದ್ರವಾ, ನಿನ್ನ ನೋಡಿ ನಂಗ ತಲಿ ತಿರಗ್ತದ" ಎಂದು ಅವ್ವ ಬೈದಳು. ನಾಲ್ಕನೆಯ ಕುರ್ತಾವೂ ಜಾರಿದಾಗ ಅದನ್ನು ಮುದ್ದೆ ಮಾಡಿ ಯಂತ್ರದ ಕೆಳಗೆ ಎಸೆದೆ.

ಒಂದು ಭಾನುವಾರ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಫೋನನ್ನು ಕಪಾಟಿನ ಮೇಲೆ ಒರಗಿಸಿ, ಟೈಮರ್ ಇಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತೆ. ನನ್ನ ಬೆನ್ನನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಫೋಟೋದಲ್ಲಿ ಎಡಭುಜ ಕಿಟಕಿಯ ಗ್ರಿಲ್ಲಿನ ಮೂರನೇ ಅಡ್ಡಪಟ್ಟಿಯನ್ನು ಮುಚ್ಚಿತ್ತು. ಬಲಗಡೆ ಅದೇ ಪಟ್ಟಿ ಪೂರ್ತಿ ಕಾಣುತ್ತಿತ್ತು. ಅದರ ಕೆಳಗೆ ಎರಡು ಬೆರಳು ಬೆಳಕಿತ್ತು, ಅದಕ್ಕೂ ಕೆಳಗೆ ಭುಜ.

ಅವ್ವ ಬಂದು ಮೆಂತ್ಯೆ ಸೊಪ್ಪು ಬಿಡಿಸಲು ಕೂತಳು. ನಾನು ಎದುರಿಗೆ ನಿಂತೆ.

"ಅವ್ವಾ, ಎರಡೂ ಕಡೆ ಹದಿನೈದು ಹ್ಯಾಂಗ ಬಂತು?"

"ಟೇಪಿನ್ಯಾಗ ಬಂದದ್ದು ಹೇಳೀನಿ."

"ಈ ಫೋಟೋ ನೋಡು."

ಅವಳು ನೋಡಲಿಲ್ಲ. "ಅದನ್ನೇನ್ ನೋಡೂದು. ನಾ ದಿನಾ ನೋಡ್ತೀನಿ."

"ಮತ್ತ ಯಾಕ ಸುಳ್ಳ ಹೇಳಿದಿ?"

ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿದಳು. "ಎಡಕ್ಕ ಹದಿನೈದೂವರಿ ಇತ್ತು. ಬಲಕ್ಕ ಹದಿನಾಲ್ಕು. ಬಾಯಿ ಬಿಟ್ಟು ಹೇಳಾಕ ಆಗಲಿಲ್ಲ ನಂಗ."

ಆಮೇಲೆ, ನಾನು ಕೇಳದಿದ್ದರೂ, ಉಳಿದದ್ದನ್ನು ಹೇಳಿದಳು. ನನಗೆ ಹದಿಮೂರಾದಾಗ ಡಾಕ್ಟರು ಬೆಲ್ಟ್ ಹಾಕಬೇಕು ಎಂದಿದ್ದರಂತೆ. ಕಂಕುಳಿನಿಂದ ಸೊಂಟದವರೆಗೆ ಗಟ್ಟಿ ಕವಚದಂಥ ಬೆಲ್ಟು, ಎರಡು ಮೂರು ವರ್ಷ. "ನಿಮ್ಮಪ್ಪ ಹೂಂ ಅಂದ್ರು. ನಾನs ಬ್ಯಾಡ ಅಂದೆ. ಸಾಲ್ಯಾಗ ಹುಡುಗ್ರು ಏನಂತಾರ, ಮುಂದ ನೋಡಾಕ ಬಂದವ್ರು ಏನಂತಾರ ಅಂತ. ನೆಟ್ಟಗ ನಿಂತರ ಸರಿ ಆಗ್ತದ ಅನಕೊಂಡೆ."

ನನಗೆ ಇದು ಗೊತ್ತೇ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಸ್ಟೇಷನ್ನಿಗೆ ಹೋಗಿ ಬಂದ ಮೊದಲ ಲೋಕಲ್ ಹತ್ತಿದೆ. ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತೆ. ಗಾಡಿ ಕೊನೆಯ ಸ್ಟೇಷನ್ ಸಿಎಸ್‌ಎಂಟಿ ಮುಟ್ಟಿತು, ಇಳಿಯದೆ ಅದರಲ್ಲೇ ವಾಪಸ್ ಬಂದೆ. ಚೆಂಬೂರಿನಲ್ಲೂ ಇಳಿಯದೆ ಇನ್ನೊಂದು ತುದಿಯ ಪನ್ವೇಲ್‌ವರೆಗೆ ಹೋದೆ. ಅವ್ವನ ಮೇಲಿನ ಸಿಟ್ಟು ಒಂದು ಸ್ಟೇಷನ್ನಿನಲ್ಲಿ ಏರಿದರೆ ಮುಂದಿನದರಲ್ಲಿ ಇಳಿಯುತ್ತಿತ್ತು. ಆ ಬೆಲ್ಟು ಹಾಕಿಕೊಂಡ ಹುಡುಗಿಯನ್ನು ಕಲ್ಪಿಸಿಕೊಳ್ಳಲು ನೋಡಿದೆ. ಅವಳ ಮುಖ ಕಾಣಲಿಲ್ಲ.

ಮನೆಗೆ ಬಂದಾಗ ಮೂರು ಗಂಟೆ. ಅವ್ವ ಊಟ ಮಾಡಿರಲಿಲ್ಲ. ಅವಳ ಕೈಯಲ್ಲಿ ಟೇಪು, ದಾರ ಇದ್ದವು.

"ಬಾ, ಇನ್ನೊಮ್ಮೆ ತಗೋತೀನಿ."

ನಾನು ಅಭ್ಯಾಸಬಲದಿಂದ ಬಲಭುಜ ಎತ್ತಿಕೊಂಡು ನಿಂತೆ. ಅವಳು ಅದರ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗಿಳಿಸಿದಳು. "ಹಂಗಲ್ಲ. ದಿನಾ ಹೆಂಗ ನಿಂದರ್ತಿ ಹಂಗ ನಿಂದ್ರು."

ಹತ್ತೊಂಬತ್ತು ಅಳತೆ ತೆಗೆದಳು, ಎಡದ್ದು ಬಲದ್ದು ಬೇರೆ ಬೇರೆಯಾಗಿ. ಪ್ರತಿ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿದಳು. ಪರದೆಯ ಮೇಲೆ ಗೆರೆಗಳು ಸರಿದು ಬೇರೆಯೇ ಒಂದು ಆಕಾರವಾದವು. ಎಡದ ಭಾಗ, ಬಲದ ಭಾಗ ಅಕ್ಕಪಕ್ಕ ಇದ್ದವು, ಅಕ್ಕತಂಗಿಯರ ಹಾಗೆ ಹೋಲುತ್ತಿದ್ದರೂ ಒಂದೇ ಅಲ್ಲ. ಬಟ್ಟೆಯನ್ನು ಮಡಿಸಿ ಒಟ್ಟಿಗೆ ಕತ್ತರಿಸುವಂತಿರಲಿಲ್ಲ. ಒಂದೊಂದೇ ಪದರ ಹಾಸಿ ಕತ್ತರಿಸಿದೆ.

ಆ ಕುರ್ತಾ ಕೂತಿತು. ಪ್ಯಾಡ್ ಇಲ್ಲದೆ. ಭುಜ ಕೆಳಗಿರುವುದು ಈಗ ನೋಡಿದವರಿಗೆ ಕಾಣುತ್ತದೆ, ಆದರೆ ಬಟ್ಟೆ ಎಳೆಯುವುದಿಲ್ಲ, ಕೊರಳು ಇದ್ದಲ್ಲೇ ಇರುತ್ತದೆ. ಮೊದಲ ದಿನ ಅದನ್ನು ಹಾಕಿಕೊಂಡು ಅಂಧೇರಿಗೆ ಹೋಗುವಾಗ ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಒರಗಿ ನಿಲ್ಲಲು ಗೋಡೆ ಹುಡುಕುತ್ತಿದ್ದೆ. ಆಫೀಸಿನಲ್ಲಿ ಒಬ್ಬಳು ಮಾತ್ರ ಕೇಳಿದಳು, ಬಣ್ಣ ಚೆನ್ನಾಗಿದೆ, ಎಲ್ಲಿ ತಗೊಂಡೆ ಎಂದು.

ಆರು ತಿಂಗಳಾದ ಮೇಲೆ ಚಳಿಗಾಲಕ್ಕೆಂದು ಒಂದು ಜಾಕೆಟ್ ಹೊಲಿಯಲು ಮತ್ತೆ ಅಳತೆ ತೆಗೆಸಿದೆ. ಅವ್ವ ಬಲಗಡೆಯ ಸಂಖ್ಯೆ ಹೇಳಿ ನಿಂತಳು. ಎರಡನೇ ಸಲ ಟೇಪು ಹಿಡಿದು ಮತ್ತೆ ಅದನ್ನೇ ಹೇಳಿದಳು. ಕಾಲು ಇಂಚು ಕಡಿಮೆಯಾಗಿತ್ತು. ಹಳೆಯ ಸಂಖ್ಯೆ ಪರದೆಯ ಮೇಲೆಯೇ ಇತ್ತು, ಮರೆತೆ ಎನ್ನುವಂತಿರಲಿಲ್ಲ. ಆ ವಾರ ನಾನು ಎಕ್ಸ್‌ರೇ ತೆಗೆಸಿದೆ. ಡೊಂಕು ನಿಧಾನವಾಗಿ ಹೆಚ್ಚುತ್ತಿದೆ, ವ್ಯಾಯಾಮ ಬಿಡಬಾರದು, ವರ್ಷಕ್ಕೊಮ್ಮೆ ತೋರಿಸಬೇಕು ಎಂದರು ಡಾಕ್ಟರು. ಹೊರಡುವಾಗ, ಜೊತೆಗೆ ಬಂದಿದ್ದ ಅವ್ವ ತನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದಳು, ಆಗ ಬೆಲ್ಟು ಹಾಕಿದ್ದರೆ ಸರಿಯಾಗುತ್ತಿತ್ತೇ ಎಂದು. ಇಷ್ಟು ವರ್ಷದ ಮೇಲೆ ಅದನ್ನು ಹೇಳಲು ಬರುವುದಿಲ್ಲ ಎಂದರು.

ವಾಪಸ್ ಬರುವಾಗ ರಿಕ್ಷಾ ಹಿಡಿದೆವು. ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತೆವು. ಅವ್ವ ಎಕ್ಸ್‌ರೇ ಕವರನ್ನು ಮಡಚದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಜಾಕೆಟ್ ಯಾವಾಗ ಕತ್ತರಸ್ತಿ?" ಎಂದು ಕೇಳಿದಳು ಕೊನೆಗೆ.

"ಇವತ್ತs" ಎಂದೆ.