ಮೂರು ಗೆರೆ, ಮೇಲೊಂದು ಅಡ್ಡಗೆರೆ

ಮನೆಯ ಮುಂದಿನ ಕೋಣೆಯಲ್ಲಿ ಉಗುರಿನ ಅಂಗಡಿ ಇಡುತ್ತೇನೆ ಎಂದು ಸೊಸೆ ಹೇಳಿದ ದಿನ ಅತ್ತೆ ನಕ್ಕುಬಿಟ್ಟಿದ್ದರು. ಕೂದಲು ಕತ್ತರಿಸುವವರುಂಟು, ಬಟ್ಟೆ ಹೊಲಿಯುವವರುಂಟು, ಹಲ್ಲು ಕೀಳುವವರೂ ಉಂಟು. ಉಗುರನ್ನು ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ಕೂತು ತಾವೇ ಕತ್ತರಿಸಿಕೊಳ್ಳುತ್ತಾರಲ್ಲ, ಅದಕ್ಕೂ ಒಂದು ಅಂಗಡಿಯೇ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಅಂದರೆ ಇದೇ ಎಂದು ಮಗನ ಹತ್ತಿರ ಹೇಳಿಯೂ ಹೇಳಿದರು. ಮಗ ಬಸ್ ಡ್ರೈವರು. ಎರಡು ಕಡೆಗೂ ಬೇಕಾದವನು. "ಹೂಂ" ಅಂದು ಡ್ಯೂಟಿಗೆ ಹೊರಟುಹೋದ.

ಅತ್ತೆ ಓದಿದವರಲ್ಲ. ತಮ್ಮ ಹೆಸರು ಬರೆಯುತ್ತಾರೆ, ಬಸ್ಸಿನ ನಂಬರು ಓದುತ್ತಾರೆ, ಅಷ್ಟೇ. ಆದರೆ ಗಂಡ ತೀರಿಕೊಂಡ ಮೇಲೆ ಇಪ್ಪತ್ತೆಂಟು ವರ್ಷ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಕೂತು, ಸೀಳು ಬಿಟ್ಟ ಗುಂಡಿಯನ್ನು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಆರಿಸಿ ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಹಾಕಿದವರು. ಕೆಲಸ ಬಲ್ಲ ಕೈ ಯಾವುದು, ಕೆಲಸ ಮಾಡಿದ ಹಾಗೆ ಆಡುವ ಕೈ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗಡಿ ಇಟ್ಟ ಮೂರನೇ ದಿನ ಪರದೆಯ ಸಂದಿಯಿಂದ ಇಣುಕಿದರು. ಸೊಸೆ ಒಬ್ಬ ನರ್ಸಮ್ಮನ ಕೈ ಹಿಡಿದು ಕೂತಿದ್ದಳು. ಸಣ್ಣ ಬ್ರಷ್ಷಿನಲ್ಲಿ ಬಣ್ಣದ ಜೆಲ್ ಅದ್ದಿ ಉಗುರಿನ ಬುಡದ ತನಕ ಒಯ್ದು, ಚರ್ಮಕ್ಕೆ ತಾಗುವ ಮುಂಚೆ ಒಂದು ದಾರದಷ್ಟು ಜಾಗ ಬಿಟ್ಟು ನಿಲ್ಲಿಸುತ್ತಿದ್ದಳು. ಹತ್ತು ಉಗುರಿಗೆ ಹತ್ತು ಸಲ, ಹತ್ತು ಸಲವೂ ಅದೇ ದಾರದಷ್ಟು. ಒಲೆಯ ಮೇಲೆ ಹಾಲಿಟ್ಟು ಬಂದದ್ದನ್ನು ಅತ್ತೆ ಮರೆತೇಬಿಟ್ಟರು. ಹಾಲು ಉಕ್ಕಿ ಸೀದ ವಾಸನೆ ಮುಂದಿನ ಕೋಣೆಗೆ ಬಂದಾಗ ಸೊಸೆ ತಲೆ ಎತ್ತದೆ, "ಅತ್ತೇ, ಹಾಲು" ಅಂದಳು. ಬ್ರಷ್ಷು ಅಲುಗಲಿಲ್ಲ.

ಅವತ್ತಿನಿಂದ ಅತ್ತೆ ಪರದೆಯ ಈಚೆ ಬಂದು ಕೂತರು. ಟವೆಲ್ ಒಗೆದು ಮಡಿಸುವುದು, ಜೆಲ್ ಗಟ್ಟಿಯಾಗಿಸುವ ನೇರಳೆ ದೀಪದ ಪೆಟ್ಟಿಗೆಯನ್ನು ಒರೆಸುವುದು, ಸೀಸೆಗಳನ್ನು ಸಾಲಾಗಿ ಜೋಡಿಸುವುದು ಅವರ ಪಾಲಿನ ಕೆಲಸ. ಸೀಸೆಗಳದೇ ಒಂದು ಕಷ್ಟವಿತ್ತು. ಬೆಳಕು ತಾಗಿದರೆ ಜೆಲ್ ಒಳಗೇ ಗಟ್ಟಿಯಾಗುತ್ತದೆಂದು ಸೀಸೆಗಳಿಗೆಲ್ಲ ಕಪ್ಪು ಬಣ್ಣ ಬಳಿದಿರುತ್ತಾರೆ. ಹೊರಗೆ ಇರುವೆಯ ಕಾಲಿನಂಥ ಅಕ್ಷರ. ಮೊದಲು ಹಚ್ಚುವ ಬೇಸ್ ಯಾವುದು, ನಡುವಿನ ಕಲರ್ ಯಾವುದು, ಕೊನೆಯ ಟಾಪ್ ಯಾವುದು ಎಂದು ಸೊಸೆಗೆ ಗೊತ್ತು. ಅತ್ತೆಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಹಾಗಾಗಿ ಹೊಸ ಸೀಸೆ ಬಂದ ಕೂಡಲೇ ಸೊಸೆಯನ್ನು ಕೇಳಿಕೊಂಡು, ಸೂಜಿಯಿಂದ ಅದರ ತಳದ ಕಪ್ಪನ್ನು ಕೆರೆದು ಗುರುತು ಹಾಕುತ್ತಿದ್ದರು. ಬೇಸ್‌ಗೆ ಒಂದು ಗೆರೆ, ಕಲರ್‌ಗೆ ಎರಡು, ಟಾಪ್‌ಗೆ ಮೂರು. ಒಮ್ಮೆ ಕೆಲಸದ ನಡುವೆ ಬರಿದಾದ ಸೀಸೆಯನ್ನೇ ತುಂಬಿದ್ದೆಂದು ಕೊಟ್ಟು ಪೇಚಾಟವಾದ ಮೇಲೆ, ಬರಿದಾದದ್ದಕ್ಕೆ ಗೆರೆಗಳ ಮೇಲೊಂದು ಅಡ್ಡಗೆರೆ ಎಳೆಯತೊಡಗಿದರು.

ಬರಿದಾದ ಸೀಸೆಯನ್ನು ಅವರು ಹಾಗೇ ಬಿಸಾಡುತ್ತಿರಲಿಲ್ಲ. ಕೈಗವಸು ಹಾಕಿಕೊಂಡು, ಒಳಗಿನ ಅಂಟನ್ನು ಬಟ್ಟೆಗೆ ತೆಗೆದು, ಆ ಬಟ್ಟೆಯನ್ನು ಗಟ್ಟಿಯಾಗಲೆಂದು ಬಿಸಿಲಿಗಿಟ್ಟು, ಸ್ಪಿರಿಟ್ ಹಾಕಿ ಕುಲುಕಿ, ಕತ್ತಿನ ತಿರುಪಿಗೆ ಅಂಟಿದ್ದನ್ನು ಕಡ್ಡಿಯಿಂದ ಬಿಡಿಸಿ, ಫಳಫಳ ಮಾಡಿ, ಹದಿನೈದು ದಿನಕ್ಕೊಮ್ಮೆ ಬರುವ ಗುಜರಿಯವನಿಗೆ ಕೊಡುತ್ತಿದ್ದರು. ಅವನ ಹೆಂಡತಿ ಸಾಮಾನನ್ನೆಲ್ಲ ಬರಿಗೈಯಲ್ಲಿ ಬೇರ್ಪಡಿಸುವುದನ್ನು ಅತ್ತೆ ಒಮ್ಮೆ ಕಂಡಿದ್ದರು. ನಮ್ಮ ಮನೆಯ ಕಸವಾದರೂ ಇನ್ನೊಬ್ಬಳ ಕೈಗೆ ಹೋಗುವಂಥದ್ದಲ್ಲವೇ ಎಂಬುದು ಅವರ ಲೆಕ್ಕ.

ಯಾಕೆಂದರೆ ಆ ಜೆಲ್ ಎಂಥದೆಂದು ಸೊಸೆ ಬಿಡಿಸಿ ಹೇಳಿದ್ದಳು. ಅದು ಎಲ್ಲರಿಗೂ ಮಾರುವ ವಸ್ತುವಲ್ಲ. ಹಸಿಯಾಗಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ ಹತ್ತಿ ಜನ್ಮಪೂರ್ತಿ ಬಿಡುವುದಿಲ್ಲ. ಆ ದಾರದಷ್ಟು ಜಾಗ ಅಂದಕ್ಕೆ ಬಿಟ್ಟದ್ದಲ್ಲ. ಅದಕ್ಕೇ ಜೆಲ್ ಕಂಪನಿಯವರು ಕಲಿತವರಿಗೆ ಒಂದು ಕಾರ್ಡು ಕೊಟ್ಟು, ಆ ಕಾರ್ಡಿದ್ದವರಿಗೆ ಮಾತ್ರ ಸೀಸೆ ಕೊಡುತ್ತಾರೆ. ಯಾವ ನಂಬರಿನ ಸೀಸೆ ಯಾರ ಕಾರ್ಡಿಗೆ ಹೋಯಿತೆಂದು ಅವರಲ್ಲಿ ಬರೆದಿರುತ್ತದೆ. ಆ ಕಾರ್ಡಿಗಾಗಿ ಸೊಸೆ ಒಂಬತ್ತು ತಿಂಗಳು ದಿನಾ ಎರಡು ಬಸ್ಸು ಬದಲಿಸಿ ಹೋಗಿ ಕಲಿತು ಬಂದಿದ್ದಳು. ಅದು ಹೋದರೆ ಅಂಗಡಿಯೂ ಹೋದಂತೆ.

ಏಳು ವರ್ಷ ಹೀಗೆ ನಡೆಯಿತು. ಎಂಟನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಎದುರು ಸಾಲಿನ ಟೈಲರಮ್ಮ ಎರಡೂ ಕೈ ಕುರ್ತಾದ ಜೇಬಿನಲ್ಲಿಟ್ಟುಕೊಂಡು ಬಂದಳು. ಹೊಲಿಯುವವಳ ಕೈ ಜೇಬಿನಲ್ಲಿರುವುದನ್ನು ಅತ್ತೆ ಎಂದೂ ಕಂಡಿರಲಿಲ್ಲ. ಕೂತ ಮೇಲೆ ನಿಧಾನಕ್ಕೆ ಹೊರಗೆ ತೆಗೆದಳು. ಬೆರಳ ತುದಿಗಳು ಊದಿ ಕೆಂಪಾಗಿ, ಉಗುರಿನ ಸುತ್ತ ನೀರುಗುಳ್ಳೆ ಎದ್ದಿದ್ದವು. ಮೇಲೆ ಮಾತ್ರ ದಪ್ಪಗೆ ಗುಲಾಬಿ ಬಣ್ಣ ಹೊಳೆಯುತ್ತಿತ್ತು.

ಫೋನಿನಲ್ಲಿ ತರಿಸಿಕೊಂಡಿದ್ದಳಂತೆ. ಪಾರ್ಲರಿನವರಿಗೆ ಮಾತ್ರ ಸಿಗುವ ಮಾಲು, ಈಗ ನಿಮ್ಮ ಮನೆ ಬಾಗಿಲಿಗೆ, ಕಾರ್ಡು ಗೀರ್ಡು ಬೇಡ ಎಂದು ಹಾಕಿದ್ದರಂತೆ. ಸೀಸೆ ನೋಡಿದರೆ ಸಾಕ್ಷಾತ್ ಇಲ್ಲಿರುವಂಥದ್ದೇ. ತನ್ನಲ್ಲಿದ್ದ ಗುಲಾಬಿ ಬಣ್ಣದ ಮೇಲೆ ಮನೆಯಲ್ಲೇ ಹಚ್ಚಿಕೊಂಡು, ಜೊತೆಗೆ ಬಂದ ಪುಟ್ಟ ದೀಪಕ್ಕೆ ಹಿಡಿದಳು, ನಾಲ್ಕನೇ ದಿನಕ್ಕೆ ಹೀಗಾಯಿತು. ಈಗ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನ ಹಾಕಿಕೊಳ್ಳಲಾಗದು, ಸೂಜಿ ಹಿಡಿಯಲಾಗದು. ಸಿಟ್ಟಿನಿಂದ ಕಂಪನಿಗೇ ಫೋನು ಮಾಡಿದಳಂತೆ. ಆ ಸೀಸೆ ನಮಗೆ ಕಳಿಸಿ ಅಂದರಂತೆ. ಬಂದ ಕವರಿನಲ್ಲೇ ಹಾಕಿ ಕಳಿಸಿದ್ದೂ ಆಯಿತು.

"ನನ್ನ ಹತ್ರ ಬರ್ಬಾರ್ದಿತ್ತಾ ಅಕ್ಕ?" ಅಂದಳು ಸೊಸೆ.

"ಬಂದ್ರೆ ಬೈತೀಯಲ್ಲ."

"ಈಗ ಬೈದ್ನಾ?"

"ಬೈದಿದ್ರೇ ಚೆನ್ನಾಗಿತ್ತು. ಹೀಗೆ ನೋಡ್ತಾ ಕೂತಿದ್ದೀಯಲ್ಲ, ಅದೇ ಉರಿಯೋದು."

ಸೊಸೆ ಅವಳನ್ನು ಮೊದಲು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಔಷಧಿ ಕೊಟ್ಟು, ಮೇಲಿನ ಜೆಲ್ ಹೋಗಬೇಕು, ಆದರೆ ಕೀಳಬಾರದು ಅಂದರು. ಕಿತ್ತರೆ ಐದು ನಿಮಿಷದ ಕೆಲಸ. ಉಗುರಿನ ಪದರವೂ ಅದರ ಜೊತೆಗೇ ಬರುತ್ತದೆ. ಗುಳ್ಳೆ ಒಣಗಿದ ಮೇಲೆ ಸೊಸೆ ಎರಡು ಮಧ್ಯಾಹ್ನ ಬೇರೆ ಯಾರನ್ನೂ ಕರೆಯದೆ, ಟೈಲರಮ್ಮನ ಕೈಯನ್ನು ಟವೆಲ್ಲಿನ ಮೇಲಿಟ್ಟುಕೊಂಡು ಉಜ್ಜುವ ಪಟ್ಟಿ ಹಿಡಿದಳು. ಜೆಲ್ಲನ್ನು ಪುಡಿ ಪುಡಿಯಾಗಿ ಉದುರಿಸಬೇಕು, ಉಗುರು ಒಂದಿಷ್ಟೂ ಸವೆಯಬಾರದು, ಚರ್ಮಕ್ಕೆ ಪಟ್ಟಿ ಸೋಕಬಾರದು. ಎಲ್ಲಿ ಜೆಲ್ ಮುಗಿದು ಎಲ್ಲಿ ಉಗುರು ಶುರುವಾಗುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಸದ್ದು ಬದಲಾಗುತ್ತದೆ ಅಂದಳು ಸೊಸೆ. ಅತ್ತೆ ಕಿವಿಗೊಟ್ಟರು. ಪಟ್ಟಿಯ ಸರಸರ ಸದ್ದು ಒಂದು ಕಡೆ ಬಂದಾಗ ಎಳೆಯಷ್ಟು ಮೆತ್ತಗಾಯಿತು, ಆ ಕ್ಷಣಕ್ಕೆ ಸೊಸೆಯ ಕೈ ನಿಂತಿತು. ಹತ್ತು ಬೆರಳಲ್ಲೂ ಹಾಗೇ ನಿಂತಿತು. ಟೈಲರಮ್ಮ ಎರಡನೇ ದಿನ ಕೂತಲ್ಲೇ ನಿದ್ದೆ ಹೋದಳು. ಅತ್ತೆಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ತಾವು ಮುಟ್ಟಿದ ಲಕ್ಷಾಂತರ ಗುಂಡಿಗಳಲ್ಲಿ ಒಂದನ್ನಾದರೂ ಹೀಗೆ ಮುಟ್ಟಿದ್ದೆನೇ ಎಂದು ಯೋಚಿಸುತ್ತ ಕೂತರು.

ಮುಂದಿನ ವಾರ ಕಂಪನಿಯ ಮೇಡಂ ಬಂದರು. ನೀಟಾದ ಹೆಂಗಸು, ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದರು. ಟೈಲರಮ್ಮನ ಸೀಸೆಯನ್ನು ಪಾರದರ್ಶಕ ಕವರಿನಲ್ಲಿ ಸೀಲು ಮಾಡಿ ತಂದಿದ್ದರು. ಮೇಜಿನ ಮೇಲಿಟ್ಟು, ಇದು ನಿಮ್ಮ ಕಾರ್ಡಿಗೆ ಕೊಟ್ಟ ಸೀಸೆ, ಅದರ ಮೇಲಿರುವ ನಂಬರೇ ಹೇಳುತ್ತದೆ, ನೀವು ಆನ್‌ಲೈನಿನವರಿಗೆ ಮಾರಿದ್ದೀರಿ ಎಂದು ಮೇಲಿನವರು ತೀರ್ಮಾನಿಸಿದ್ದಾರೆ ಎಂದು ತಣ್ಣಗೆ ಹೇಳಿದರು. ಮಾರಿಲ್ಲ ಎಂದಳು ಸೊಸೆ. ಹಾಗಾದರೆ ಅಲ್ಲಿಗೆ ಹೇಗೆ ಹೋಯಿತು ಎಂದು ಮೇಡಂ ಕೇಳಿದರು. ಸೊಸೆ ಕವರನ್ನು ಹತ್ತಿರ ಎಳೆದುಕೊಂಡು ನಂಬರನ್ನು ಎರಡು ಸಲ ಓದಿದಳು. ಮೇಡಂ ಕಾರ್ಡು ಕೇಳಿದರು. ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಡುವಾಗ ಸೊಸೆಯ ಕೈ ನಡುಗಿತು.

ಹಾಲು ಉಕ್ಕಿದಾಗ ಅಲುಗದ ಕೈ ಅದು. ಅತ್ತೆ ಎದ್ದು ನಿಂತರು.

"ಮೇಡಂ, ಅದರಲ್ಲಿರೋದು ಬೇಸಾ, ಕಲರಾ, ಟಾಪಾ?"

"ಟಾಪ್. ಯಾಕಮ್ಮ?"

"ಹಾಗಾದ್ರೆ ತಳದಲ್ಲಿ ಮೂರು ಗೆರೆ ಇರ್ಬೇಕು. ಸೂಜೀಲಿ ನಾನೇ ಕೆರೆದಿದ್ದು, ನನಗೆ ಓದೋಕೆ ಬರಲ್ಲ ಅಂತ. ಆ ಮೂರರ ಮೇಲೆ ಒಂದು ಅಡ್ಡಗೆರೆ ಇದ್ರೆ, ಈ ಮನೆಯಿಂದ ಹೋಗುವಾಗ ಅದು ಬರೀ ಸೀಸೆ. ಒಳಗಿರೋದು ಇನ್ಯಾರೋ ತುಂಬಿಸಿದ್ದು. ಅಡ್ಡಗೆರೆ ಇಲ್ದಿದ್ರೆ ತುಂಬಿದ್ದೇ ಹೋಗಿದೆ. ನಾವೇ ಮಾರಿದ್ದು ಅಂತ ಬರ್ಕೊಂಡು ಕಾರ್ಡ್ ತಗೊಂಡು ಹೋಗಿ."

"ಅತ್ತೇ…" ಅಂದಳು ಸೊಸೆ.

ಅವಳ ಭಯ ಅತ್ತೆಗೂ ಅರ್ಥವಾಯಿತು. ಏಳು ವರ್ಷದಲ್ಲಿ ಎಷ್ಟು ಸೀಸೆ! ಜ್ವರ ಬಂದು ಮಲಗಿದ ವಾರವೊಂದಿತ್ತು, ಮಗನ ಕಾಲು ಮುರಿದ ತಿಂಗಳೊಂದಿತ್ತು. ಆಗೆಲ್ಲ ಎಳೆದಿದ್ದೆನೇ? ಒಂದನ್ನು, ಒಂದೇ ಒಂದನ್ನು ಮರೆತಿದ್ದರೆ?

ಮೇಡಂ ಕವರನ್ನು ತಿರುಗಿಸಿದರು. ತಳದಲ್ಲಿ ಗೆರೆಯೇ ಇರಲಿಲ್ಲ. ದುಂಡಗಿನ ಬಂಗಾರದ ಬಣ್ಣದ ಸ್ಟಿಕ್ಕರಿತ್ತು. ಇದು ನಮ್ಮ ಕಂಪನಿ ಅಂಟಿಸುವುದಲ್ಲವಲ್ಲ ಎಂದು ಅವರೇ ಗೊಣಗಿಕೊಂಡು, ಸೀಲು ಬಿಚ್ಚಿ, ಉಗುರಿನ ತುದಿಯಿಂದ ಅದರ ಅಂಚನ್ನು ಎಬ್ಬಿಸಿದರು. ಸ್ಟಿಕ್ಕರು ಅರ್ಧ ಬಂದಾಗ ಒಂದು ಗೆರೆ ಕಂಡಿತು. ಆಮೇಲೆ ಎರಡನೆಯದು, ಮೂರನೆಯದು. ಪೂರ್ತಿ ಬಂದಾಗ, ಮೂರನ್ನೂ ಕತ್ತರಿಸಿಕೊಂಡು ಹೋದ ಅಡ್ಡಗೆರೆ, ಕೊನೆಯಲ್ಲಿ ತುಸು ಕೆಳಕ್ಕೆ ಬಾಗಿದ್ದು. ಅತ್ತೆಯ ಬಲಗೈ ಹೆಬ್ಬೆರಳಿಗೆ ಕಾರ್ಖಾನೆ ಕೊಟ್ಟ ಸೊಟ್ಟು ಅದು. ಗೆರೆ ಅಲ್ಲಿಗೆ ಬಂದಾಗ ಯಾವಾಗಲೂ ಬಾಗುತ್ತಿತ್ತು.

ಮೇಡಂ ಎದ್ದುಹೋಗಿ, ಅತ್ತೆ ಸಾಲಾಗಿ ಜೋಡಿಸಿಟ್ಟ ಸೀಸೆಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದರು. ಒಂದು ಗೆರೆ, ಎರಡು ಗೆರೆ, ಮೂರು. ಬುಟ್ಟಿಯಲ್ಲಿದ್ದ ಬರಿದಾದ ನಾಲ್ಕಕ್ಕೂ ಅಡ್ಡಗೆರೆ.

ಸೊಸೆ ಆಗಲೇ ಗಾಜಿನ ಚೂರೊಂದರ ಮೇಲೆ ತನ್ನ ಟಾಪಿನ ಒಂದು ತೊಟ್ಟು, ಪಕ್ಕದಲ್ಲಿ ಟೈಲರಮ್ಮನ ಸೀಸೆಯದೊಂದು ತೊಟ್ಟು ಬಿಟ್ಟು ದೀಪದ ಕೆಳಗಿಟ್ಟಿದ್ದಳು. ಅರವತ್ತು ಎಣಿಸಿ ಹೊರಗೆ ತೆಗೆದು ಕಡ್ಡಿಯಿಂದ ಒತ್ತಿದಳು. ತನ್ನದು ಕಲ್ಲು. ಇನ್ನೊಂದು ಮೇಲೆ ಮಾತ್ರ ಗಟ್ಟಿ. ಕಡ್ಡಿ ಊರಿದರೆ ಸಿಪ್ಪೆ ಒಡೆದು ಒಳಗಿನ ಹಸಿ ಆಚೆ ಬಂತು. ಟೈಲರಮ್ಮನ ಬೆರಳುಗಳನ್ನು ತಿಂದದ್ದು ಆ ಹಸಿ.

"ಇದು ಯಾರ ಕೈಗೆ ಹೋಗಿ ತುಂಬ್ಕೊಂಡು ಬಂತೋ," ಅಂದರು ಮೇಡಂ.

"ಅದು ನನಗೆ ಗೊತ್ತಿಲ್ಲ," ಅಂದರು ಅತ್ತೆ. "ಆದ್ರೆ ಗುಜರಿಯವನಿಗೆ ತೊಳೆದು ಕೊಟ್ಟವಳು ನಾನು. ಕೊಳಕಾಗೇ ಬಿಸಾಡಿದ್ರೆ ಯಾರಿಗೂ ಬೇಡವಾಗ್ತಿತ್ತು. ಮುಚ್ಚಳ, ಬ್ರಷ್ಷು, ಹೆಸರಿನ ಚೀಟಿ ಎಲ್ಲಾ ಫಳಫಳ ಮಾಡಿ ಕಳ್ಳನ ಕೈಗಿಟ್ಟೆ. ಬೈಯೋದಿದ್ರೆ ನನಗೆ ಬೈಯಿರಿ."

ಮೇಡಂ ಬೈಯಲಿಲ್ಲ. ಕಾರ್ಡನ್ನು ಒಂದು ಬೆರಳಿನಿಂದ ಸೊಸೆಯ ಕಡೆಗೆ ಸರಿಸಿದರು. ಮೇಲಿನವರಿಗೆ ಹೇಳುವುದು ತನಗಿರಲಿ, ಇನ್ನು ಮುಂದೆ ಬರೀ ಸೀಸೆಯನ್ನು ಹಾಳು ಮಾಡಿಯೇ ಹೊರಗೆ ಹಾಕಬೇಕು ಎಂದರು. ಹೋಗುವಾಗ ಚಪ್ಪಲಿ ಮೆಟ್ಟುತ್ತ, ನಮ್ಮ ಕಾರ್ಖಾನೆಯಲ್ಲೂ ಇಷ್ಟು ಚೊಕ್ಕಟವಾಗಿ ತೊಳೆಯುವುದಿಲ್ಲಮ್ಮ ಎಂದು ಹೇಳಿ, ನಗಬೇಕೋ ಬೇಡವೋ ಎಂದು ನೋಡಿ, ನಕ್ಕರು.

ಅತ್ತೆ ಆ ದಿನವೆಲ್ಲ ಅದನ್ನೇ ನೆನೆದರು. ಹಿತ್ತಲ ಬಾಗಿಲಿನಿಂದ ಹೊರಗಿಟ್ಟ ಸೀಸೆ ಯಾವ ಯಾವ ಬೀದಿ ಸುತ್ತಿತೋ, ಯಾರ ಫೋನಿನಲ್ಲಿ ಚಿತ್ರವಾಗಿ ಕೂತಿತೋ, ಕೊನೆಗೆ ಮುಂಬಾಗಿಲಿನಿಂದಲೇ ಒಳಗೆ ಬಂತು. ಎಷ್ಟು ಕೈ ದಾಟಿದರೂ ತಮ್ಮ ಸೂಜಿಯ ಗೆರೆಯನ್ನು ಹೊತ್ತುಕೊಂಡೇ ಬಂತು.

ಹದಿನೈದು ದಿನಕ್ಕೆ ಗುಜರಿಯವನು ಬಂದಾಗ ಅತ್ತೆ ಚೀಟಿ ಕೆರೆದು, ಬ್ರಷ್ಷು ಕತ್ತರಿಸಿ, ಕತ್ತು ಮುರಿದ ಸೀಸೆಗಳನ್ನು ದಪ್ಪ ಚೀಲದಲ್ಲಿ ಕಟ್ಟಿ ಕೊಟ್ಟರು. ತೊಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವನು ಬಿಚ್ಚಿ ನೋಡಿ, ಮೊದಲಿನಂಥ ಸೀಸೆಯನ್ನು ಒಬ್ಬರು ಕೇಳಿ ಕೇಳಿ ತೆಗೆದುಕೊಳ್ಳುತ್ತಿದ್ದರು, ಹೀಗೆ ಮಾಡಿದರೆ ಇದಕ್ಕೆ ಬೆಲೆಯೇ ಇಲ್ಲ ಎಂದು ಮುಖ ಸಣ್ಣದು ಮಾಡಿದ.

"ಬೆಲೆ ಇರ್ಬಾರ್ದು ಅಂತಲೇ ಮುರಿದಿದ್ದು ಕಣಪ್ಪ," ಅಂದರು ಅತ್ತೆ. ಕೇಳಿದವರು ಯಾರೆಂದು ಅವನ ಬಾಯಿಂದ ಬಿಡಿಸಿ, ಸೊಸೆಯ ಕೈಯಲ್ಲಿ ಬರೆಸಿ ಮೇಡಂಗೆ ಕಳಿಸಿದರು.

ಟೈಲರಮ್ಮನ ಉಗುರು ಸರಿಯಾಗಲು ಅರ್ಧ ವರ್ಷ ಹಿಡಿಯಿತು. ಬುಡದಲ್ಲಿ ಹೊಸ ಉಗುರು ನುಣ್ಣಗೆ ಹುಟ್ಟಿ, ಗುಳ್ಳೆ ಎದ್ದಾಗ ಉಗುರಿನಲ್ಲಿ ಆಗಿದ್ದ ಏರುತಗ್ಗನ್ನು ತಿಂಗಳಿಗೆ ಅಕ್ಕಿಕಾಳಿನರ್ಧದಷ್ಟು ಮುಂದಕ್ಕೆ ತಳ್ಳುತ್ತಿತ್ತು. ಯಾರೂ ಹೇಳದೆ, ಯಾರೂ ಮುಟ್ಟದೆ, ತನ್ನಷ್ಟಕ್ಕೆ. ಅತ್ತೆ ಪ್ರತಿ ತಿಂಗಳೂ ಅವಳ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೊನೆಯ ಒರಟು ತುದಿಯನ್ನು ಸೊಸೆ ಕತ್ತರಿಸಿದ ದಿನ, ಟೈಲರಮ್ಮ ಅಂಗುಸ್ತಾನವನ್ನು ಜೊತೆಗೇ ತಂದಿದ್ದಳು.

"ಅತ್ತೇ, ಒಂದ್ಸಲ ನೋಡಿ," ಅಂದಳು ಸೊಸೆ.

ಅತ್ತೆ ಕಣ್ಣು ಮುಚ್ಚಿಕೊಂಡು ತಮ್ಮ ಸೊಟ್ಟ ಹೆಬ್ಬೆರಳನ್ನು ಆ ಉಗುರಿನ ಮೇಲೆ ಬುಡದಿಂದ ತುದಿಯ ತನಕ ಎಳೆದರು. ಎಲ್ಲೂ ಸೀಳಿರಲಿಲ್ಲ. ಕಾರ್ಖಾನೆಯಲ್ಲಿ ಒಳ್ಳೆಯ ಗುಂಡಿಯನ್ನು ಹಾಕುವ ಹಾಗೆ, ಆ ಕೈಯನ್ನು ಮೆಲ್ಲಗೆ ಬಲಕ್ಕೆ ಇಟ್ಟರು.