ಪಾಲಪ್ಪನ ಹಾಯಿದೋಣಿಯ ನೀರು

ಗಂಗಲಕ್ಷ್ಮಿ ಕೆಲಸದಿಂದ ಬಂದರೆ ಮೊದಲು ಹೋಗುವುದು ಬಚ್ಚಲಿಗೆ. ಮಗು ಎಷ್ಟೇ ಕೈಚಾಚಿದರೂ ಅಷ್ಟೇ. ದೋಣಿಗೆ ಹಾಸುವ ಗಾಜಿನ ನಾರು ಮೈಗೆ ಮೆತ್ತಿಕೊಂಡಿರುತ್ತದೆ, ತಣ್ಣೀರಿನಲ್ಲಿ ತೊಳೆದು, ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡ ಮೇಲೆಯೇ ಯಶಸ್ವಿನಿಯನ್ನು ಎತ್ತಿಕೊಂಡು ಹಾಲು ಕುಡಿಸುವುದು. ಇಷ್ಟು ಜೋಪಾನ ಮಾಡಿಯೂ ಅವತ್ತು ಮಗುವಿನ ತೊಡೆಯ ಹಿಂದೆ ಕೆಂಪು ಗೆರೆಯಂಥ ದದ್ದು ಎದ್ದಿದ್ದನ್ನು ಕಂಡು ಅವಳು ಮಗುವನ್ನು ಬೆಳಕಿಗೆ ತಿರುಗಿಸಿದಳು. ಆ ದದ್ದು ಅವಳಿಗೆ ಗೊತ್ತಿಲ್ಲದ್ದೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಮೈತುಂಬ ಇದೇ ಇತ್ತು.

"ಇದೇನತ್ತೆ, ಪಾಪಂಗೆ?"

"ಸೆಕೆ ಗುಳ್ಳೆ ಕಣಮ್ಮ. ಬಿಸ್ಲು ನೋಡು ಹೆಂಗೆ ಹೊಡೀತೈತೆ," ಎಂದಳು ಅತ್ತೆ ಕದರಮ್ಮ. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ.

ಸೆಕೆ ಗುಳ್ಳೆ ಗೆರೆ ಎಳೆದ ಹಾಗೆ ಏಳುತ್ತದೆಯೇ ಎಂದು ಕೇಳಬೇಕೆನಿಸಿತು. ಆದರೆ ಆ ವಾರ ಯಾರು ಯಾರನ್ನು ಏನು ಕೇಳಿದರೂ ಅದು ಬೇರೆ ಅರ್ಥಕ್ಕೆ ತಿರುಗುತ್ತಿತ್ತು.

ವಳ್ಳೂರಿನ ಆಚೆ, ಸೋಲಾರ್ ಪ್ಯಾನೆಲ್ಲುಗಳ ನಡುವೆ ಉಳಿದ ತುಂಡು ಹೊಲದಲ್ಲಿ ಪಾಲಪ್ಪ ದೋಣಿ ಕಾರ್ಖಾನೆ ಹಾಕಿದಾಗಿನಿಂದಲೂ ಊರಿಗೆ ಅವನ ಮೇಲೆ ಗುಮಾನಿ. ಪಾಲಪ್ಪ ಚಿಕ್ಕ ವಯಸ್ಸಿನಲ್ಲೇ ಕರಾವಳಿಗೆ ಹೋಗಿ, ಹಾಯಿದೋಣಿ ಕಟ್ಟುವ ಕಡೆ ಬಣ್ಣ ಬಳಿಯುವವನಾಗಿ ಸೇರಿ, ಮೇಸ್ತ್ರಿಯಾಗಿ ಬೆಳೆದವನು. ಅಲ್ಲಿ ಮಳೆಗಾಲ ಬಂತೆಂದರೆ ತೇವಕ್ಕೆ ನಾರನ್ನು ಬಿಗಿಯುವ ರೆಸಿನ್ ಅಂಟು ಸರಿಯಾಗಿ ಗಟ್ಟಿಯಾಗದೆ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತಿತ್ತು. ನಮ್ಮೂರಿನ ಒಣಗಾಳಿಯಲ್ಲಿ ಈ ರಗಳೆಯೇ ಇಲ್ಲವಲ್ಲ ಎಂದು ಅವನ ತಲೆಗೆ ಹೊಳೆಯಿತು. ಹೊಲ ಸೋಲಾರ್‌ಗೆ ಗುತ್ತಿಗೆ ಹೋದ ವರ್ಷ ವಾಪಸು ಬಂದು ತಗಡಿನ ಶೆಡ್ಡು ಎಬ್ಬಿಸಿ, 'ಶ್ರೀ ಗಂಗಾಂಬ ಬೋಟ್ ವರ್ಕ್ಸ್' ಎಂದು ಬೋರ್ಡು ತಗುಲಿಹಾಕಿದ. ಮೊದಲು ಮಾಡಿದ್ದು ನೀರಿನ ಟ್ಯಾಂಕುಗಳನ್ನು. ಆಮೇಲೆ ಕೆರೆಗಳಲ್ಲಿ ತುಳಿದು ಓಡಿಸುವ ಹಂಸದ ಮೂತಿಯ ದೋಣಿಗಳನ್ನು.

ಧೂಳು ಬೀಳಬಾರದೆಂದು ಶೆಡ್ಡಿನ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಒಳಗಿನಿಂದ ಮೂಗಿಗೆ ಹೊಡೆಯುವ ವಾಸನೆ ಬೇರೆ.

"ಸಮುದ್ರ ಎಲ್ಲೈತೆ, ಪಾವಗಡ ಎಲ್ಲೈತೆ? ಒಳಗೆ ಇನ್ನೇನೋ ಕಾಯಿಸ್ತಾವ್ನೆ ಕಣ್ಲಾ," ಎಂದು ಟೀ ಅಂಗಡಿಯಲ್ಲಿ ಮಾತು. ಒಂದು ಸಲ ಪೊಲೀಸಿನವರೂ ಬಂದು ಡ್ರಮ್ಮು ಡ್ರಮ್ಮಿಗೂ ಮೂಗಿಟ್ಟು, ತಲೆ ಸುತ್ತಿ, ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದು ಹೋಗಿದ್ದರು.

ಗಂಗಲಕ್ಷ್ಮಿ ಮದುವೆಯಾಗಿ ಈ ಊರಿಗೆ ಬಂದಾಗ ಕಳೆ ಕೀಳುವುದಕ್ಕೆ ಹೊಲವೇ ಉಳಿದಿರಲಿಲ್ಲ. ಗಂಡ ಅರುಣ್‌ಕುಮಾರ್ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ, ಇವಳು ಪಾಲಪ್ಪನ ಶೆಡ್ಡಿಗೆ ಹೋದಳು. ರೊಟ್ಟಿ ತಟ್ಟಿದ ಕೈ, ನಾರಿನ ಹಾಸನ್ನು ಒಂದು ಸುಕ್ಕೂ ಇಲ್ಲದೆ ಕೂರಿಸುತ್ತಿತ್ತು. ಹೆರಿಗೆಗೆಂದು ಬಿಟ್ಟವಳನ್ನು ಪಾಲಪ್ಪ ಕರೆದು ಮತ್ತೆ ಸೇರಿಸಿಕೊಂಡಿದ್ದು, ಕಂಪನಿಗೆ ಮೊದಲ ದೊಡ್ಡ ಹಾಯಿದೋಣಿಯ ಆರ್ಡರು ಗೋವಾ ಕಡೆಯಿಂದ ಬಂದಾಗ. ಎಲ್ಲರೂ ಅದನ್ನು 'ಯಾಟು' ಎನ್ನುತ್ತಿದ್ದರು. ಅದರ ತಳದ ಬೆನ್ನೆಲುಬಿಗೆ ನಾರಿನ ಪಟ್ಟಿ ಹಾಸಿ, ಗಾಳಿ ಹೋಗುವಂತೆ ರೋಲರ್ ಎಳೆದವರು ಗಂಗಲಕ್ಷ್ಮಿ ಮತ್ತು ಜೊತೆಗೆಲಸದ ಲೋಹಿತಾ.

ತಳ ಸಿದ್ಧವಾದ ಮೇಲೆ ಪಾಲಪ್ಪ ಟ್ಯಾಂಕುಗಳನ್ನು ಪರೀಕ್ಷಿಸುತ್ತಿದ್ದ ಹಾಗೆಯೇ ಇದನ್ನೂ ಪರೀಕ್ಷಿಸಿದ. ತೇಲಿಸಿ ನೋಡಲು ಸುತ್ತ ಎಲ್ಲೂ ಕೆರೆಯಲ್ಲಿ ನೀರಿರಲಿಲ್ಲ, ಹಾಗಾಗಿ ದೋಣಿಯ ಒಳಗೇ ಟ್ಯಾಂಕರ್ ನೀರು ಬಿಟ್ಟು, ಮಟ್ಟಕ್ಕೆ ಪೆನ್ಸಿಲ್ಲಿನ ಗೆರೆ ಎಳೆದ. ಮೊದಲ ಯಾಟು ಎಂದು ಪರ್ವತಯ್ಯನವರನ್ನು ಕರೆಸಿ ಪೂಜೆಯನ್ನೂ ಮಾಡಿಸಿದ. ಐನೋರು ಕಳಶವಿಟ್ಟು, ಗಂಗೆಯನ್ನು ಆವಾಹಿಸಿ, ಅರಿಶಿನ ಕುಂಕುಮ ಹಾಕಿದರು. ಧೂಳಾಗುತ್ತದೆಂದು ಊರವರನ್ನು ಕರೆಯಲಿಲ್ಲ. ಬಾಗಿಲು ಎಂದಿನಂತೆ ಮುಚ್ಚಿತ್ತು.

ಮಾರನೆಯ ದಿನ ನೀರು ಗೆರೆಯಿಂದ ಬೆರಳಗಲ ಇಳಿದಿತ್ತು. ಅದರ ಮಾರನೆಯ ದಿನ ಮತ್ತಷ್ಟು. ಬಿಸಿಲಿಗೆ ಆರಿತೇನೋ ಎಂದು ಮೇಲೆ ಟಾರ್ಪಾಲು ಹೊದಿಸಿದರೂ ಇಳಿಯುವುದು ನಿಲ್ಲಲಿಲ್ಲ. ಪಾಲಪ್ಪ ದೋಣಿಯ ಕೆಳಗೆ ಮಲಗಿ ಕೈಯಾಡಿಸಿದ, ಎಲ್ಲೂ ಒದ್ದೆಯಿಲ್ಲ.

"ಪಟ್ಟಿ ಹಾಸಿದ್ದು ಯಾರು?" ಎಂದ, ಗೊತ್ತಿದ್ದೂ.

"ನಾನು ಬರೀ ರೋಲರ್ ಎಳೆದಿದ್ದು," ಎಂದಳು ಲೋಹಿತಾ ತಟ್ಟನೆ.

ಪಾಲಪ್ಪ ಗಂಗಲಕ್ಷ್ಮಿಯನ್ನು ನೋಡಿದ. "ಒಳಪದರದಾಗೆ ಎಲ್ಲೋ ಗಾಳಿ ಕೂತದೆ, ನೀರು ಅಲ್ಲಿಗೆ ಇಳೀತಾ ಐತೆ ಅನ್ಸುತ್ತೆ ಕಣಮ್ಮ. ಶನಿವಾರ ಗೋವಾದೋರ ಕಡೆ ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಸೋರ್ತದೆ ಅಂತಾದ್ರೆ ಈ ಶೆಡ್ಡೂ ಇರಲ್ಲ, ನಿನ್ ಕೆಲಸಾನೂ ಇರಲ್ಲ."

ಗಂಗಲಕ್ಷ್ಮಿಗೆ ತನ್ನ ಮೇಲೆಯೇ ಅನುಮಾನ ಹತ್ತಿಕೊಂಡಿತು. ಪಟ್ಟಿ ಹಾಸಿದ ದಿನ ಮಗು ಅಳುತ್ತಿದೆ ಎಂದು ಅತ್ತೆ ಹೇಳಿಕಳಿಸಿದ್ದಳು. ಒಂದು ಪದರ ಮುಗಿಸಿ ಓಡಿಹೋಗಿ ಹಾಲು ಕುಡಿಸಿ ಬಂದು ಮುಂದಿನ ಪದರ ಹಾಸಿದ್ದಳು. ಅಷ್ಟರಲ್ಲಿ ಲೋಹಿತಾ ಏನಾದರೂ ಮಾಡಿದಳೇ? ಅಥವಾ ತಾನೇ ಅವಸರದಲ್ಲಿ ಎಡವಟ್ಟು ಮಾಡಿದೆನೇ? ಕೊನೆಗೆ ಗಂಡನ ಮೇಲೂ ಗುಮಾನಿ ಬಂದು, ಪ್ಯಾನೆಲ್ ತೊಳೆಯಲು ನೀರಿಲ್ಲವೆಂದು ನೀವೇನಾದರೂ ಕದ್ದಿರಾ ಎಂದು ಕೇಳಿಬಿಟ್ಟಳು.

ಅರುಣ್‌ಕುಮಾರ್ ಬಿದ್ದುಬಿದ್ದು ನಕ್ಕ. "ಆ ನೀರಾಗೆ ಒಂದು ಸಾಲೂ ತೊಳೆಯಕ್ಕಾಗಲ್ಲ ಕಣೇ. ಕದಿಯೋದಾದ್ರೆ ಟ್ಯಾಂಕರ್ನೇ ಕದೀತೀನಿ ಬುಡು."

ಗುರುವಾರ ಬೆಳಿಗ್ಗೆ ಅವಳು ಕುಡಿಯುವ ನೀರಿನ ಘಟಕದ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದಳು. ಮುಂದಿದ್ದವಳು ಮೊಣಕೈ ಒಳಭಾಗವನ್ನು ಪರಪರ ಕೆರೆದುಕೊಂಡಳು. ಅವಳ ಮುಂದಿದ್ದವಳೂ. ಆಚೆ ಕಟ್ಟೆಯ ಮೇಲೆ ಕೂತ ಮುದುಕಿಯೂ. ಎಲ್ಲರಿಗೂ ಅದೇ ಜಾಗದಲ್ಲಿ, ಒಂದು ಅಂಚಿನ ಮೇಲೆ ತೋಳೂರಿ ಬಗ್ಗಿದರೆ ಒತ್ತುವ ಜಾಗದಲ್ಲಿ.

"ಏನಕ್ಕಾ, ಎಲ್ರಿಗೂ ತುರಿಕೆ?"

"ಸೆಕೆ ಗುಳ್ಳೆ ಕಣಮ್ಮ," ಎಂದಳು ಮುಂದಿದ್ದವಳು. ಎಲ್ಲರೂ ಸೆರಗು ಎಳೆದುಕೊಂಡರು.

ಗಂಗಲಕ್ಷ್ಮಿ ಮನೆಗೆ ಬಂದು ಕೊಬ್ಬರಿ ಎಣ್ಣೆಯ ಬಾಟಲಿ ಎತ್ತಿ ನೋಡಿದಳು. ಮೊನ್ನೆ ತಂದಿದ್ದು ತಳ ಕಂಡಿತ್ತು. ದೇವರ ಗೂಡಿನಲ್ಲಿ ಹೊಸದೊಂದು ಚೊಂಬು, ಬಾಯಿಗೆ ವೀಳ್ಯದೆಲೆ ಮುಚ್ಚಿತ್ತು.

ಬಿಸಿಲಿನ ದಿನಗಳಲ್ಲಿ ರೆಸಿನ್ ಬೇಗ ಗಟ್ಟಿಯಾಗುತ್ತದೆಂದು ಶೆಡ್ಡಿನ ಕೆಲಸ ನಸುಕಿನಲ್ಲೊಮ್ಮೆ, ಸಂಜೆ ಇಳಿಹೊತ್ತಿನಲ್ಲೊಮ್ಮೆ. ನಡುವೆ ಎಲ್ಲರೂ ಮನೆಗೆ ಹೋಗುತ್ತಾರೆ. ಮಾರನೆಯ ದಿನ ಗಂಗಲಕ್ಷ್ಮಿ ನಸುಕಿನ ಕೆಲಸ ಮುಗಿದರೂ ಮನೆಗೆ ಹೋಗದೆ ಡ್ರಮ್ಮುಗಳ ಹಿಂದೆ ಕೂತಳು. ಹೆಚ್ಚು ಹೊತ್ತೇನೂ ಕಾಯಬೇಕಾಗಲಿಲ್ಲ. ಶೆಡ್ಡಿನ ಕಾವಲುಗಾರನ ಹೆಂಡತಿಯೇ ಹಿಂಬಾಗಿಲು ತೆಗೆದಳು. ಬಿಂದಿಗೆ ಹಿಡಿದ ಹೆಂಗಸರು ಸಾಲಾಗಿ ಒಳಗೆ ಬಂದರು. ಏಣಿ ಹತ್ತಿ, ಟಾರ್ಪಾಲು ಸರಿಸಿ, ಚೊಂಬಿಗೆ ಹಗ್ಗ ಕಟ್ಟಿ, ಬಾವಿಯಿಂದ ಸೇದುವ ಹಾಗೆ ದೋಣಿಯಿಂದ ನೀರು ಸೇದತೊಡಗಿದರು. ಎಲ್ಲರಿಗಿಂತ ಮೇಲೆ, ಯಶಸ್ವಿನಿಯನ್ನು ದೋಣಿಯ ಅಂಚಿನ ಮೇಲೆ ಕೂರಿಸಿಕೊಂಡು, ತಲೆಗೆ ನೀರು ಚಿಮುಕಿಸುತ್ತ ನಿಂತವಳು ಕದರಮ್ಮ. ಅಂಚನ್ನು ಇನ್ನೂ ಉಜ್ಜಿ ನಯ ಮಾಡಿರಲಿಲ್ಲ, ನಾರಿನ ಎಳೆಗಳು ಮುಳ್ಳಿನಂತೆ ನಿಂತಿದ್ದವು.

"ತ್ವರಗಾ ಸೇದೇ, ಗಂಗಮ್ಮ ನಿನ್ನೊಬ್ಬಳಿಗೇ ಬಂದವ್ಳಾ?" ಎಂದು ಅರ್ಧ ತೆಲುಗಿನಲ್ಲಿ ಗದರುತ್ತಿದ್ದಳು.

"ಅತ್ತೆ!"

ಹಗ್ಗ ಕೈತಪ್ಪಿ ಚೊಂಬು ದೋಣಿಯೊಳಗೆ ಡಣ್ಣೆಂದಿತು. ಗಂಗಲಕ್ಷ್ಮಿ ಏಣಿ ಹತ್ತಿ ಮೊದಲು ಮಗುವನ್ನು ಎತ್ತಿಕೊಂಡಳು. ಮೈ ತೊಳೆದಿಲ್ಲವೆಂಬುದು ಆಗ ನೆನಪಾಗಲಿಲ್ಲ.

"ನಾನು ಹಾಸಿದ ಪಟ್ಟಿ ಸೋರ್ತದೆ ಅಂತ ಪಾಲಪ್ಪಣ್ಣ ನನ್ನ ಕೆಲಸದಿಂದ ತೆಗೀತೀನಿ ಅಂತಾವ್ನೆ. ನೀವಿಲ್ಲಿ ಸೇದ್ತಾ ನಿಂತಿದ್ದೀರಾ?"

ಕದರಮ್ಮ ತಬ್ಬಿಬ್ಬಾದಳು. ಆದರೆ ಸೋಲಲಿಲ್ಲ. "ಐನೋರ್ನ ಕರೆಸಿ ಗಂಗಮ್ಮನ್ನ ಕರದವ್ರೆ. ಬೋರ್‌ವೆಲ್ನಾಗೆ ನೀರು ಬಂದ್ರೆ ಮೊದಲ ಬಿಂದಿಗೆ ಹೆಂಗಸ್ರು ಮನೆಗೆ ತರಲ್ವಾ? ಈ ಊರಿಗೆ ಅವಳು ಬಂದು ಎಷ್ಟು ವರ್ಷ ಆಯ್ತು! ಕರ್ಕೊಂಡು ಬಂದು ಒಳಗೆ ಕೂಡಿಹಾಕಿ ಬೀಗ ಹಾಕ್ತಾರಾ?" ಆಮೇಲೆ ದನಿ ತಗ್ಗಿತು. "ನಿನ್ ಕೆಲಸದ ಮಾತು ನಂಗೇನು ಗೊತ್ತು. ಮನೆಗೆ ಬಂದ್ರೆ ನೀನೆಲ್ಲಿ ಬಾಯಿ ಬಿಡ್ತೀಯ?"

ಶನಿವಾರ ಬೆಳಿಗ್ಗೆ ಗೋವಾದವರ ಕಡೆಯಿಂದ ಇನ್‌ಸ್ಪೆಕ್ಷನ್ನಿಗೆ ಬಂದ ಪ್ರಭುದೇವ್ ಕಾರಿನಿಂದ ಇಳಿಯುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸರು ತುಂಬಿದ ಬಿಂದಿಗೆಗಳೊಂದಿಗೆ ನಿಂತಿದ್ದರು. ತಂದದ್ದನ್ನು ಸುರಿದು ಗೆರೆ ಮುಟ್ಟಿಸಿದರು. ಕದರಮ್ಮ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು.

ಪಾಲಪ್ಪ ನಂಬಲಿಲ್ಲ. "ಸೊಸೆ ಕೆಲಸ ಉಳಿಸಕ್ಕೆ ಅತ್ತೆ ನಾಟಕ ಅಲ್ಲ ತಾನೆ ಇದು?"

"ನಾಟಕಾನ? ತೋಳು ನೋಡಪ್ಪಾ!" ಎಂದು ಕದರಮ್ಮ ಸೆರಗು ಸರಿಸಿದಳು. ಹಿಂದಿದ್ದವರೂ ತೋಳು ಚಾಚಿದರು. ಪಾಲಪ್ಪ ಆ ಕೆಂಪು ದದ್ದುಗಳನ್ನು ನೋಡಿದ, ಅಂಥವೇ ಹಳೆಯ ಕಲೆಗಳಿದ್ದ ತನ್ನ ಮುಂಗೈಯನ್ನೂ ನೋಡಿಕೊಂಡ. ಲೋಹಿತಾ ರೋಲರ್ ತೊಳೆಯುವ ನೆಪದಲ್ಲಿ ಆಚೆ ಹೋದಳು.

"ದೋಣಿ ಒಳಗಡೆ ನೀರು ತುಂಬಿ ನೋಡುವವರನ್ನು ಇವತ್ತೇ ನೋಡಿದ್ದು. ನಮ್ಮ ಕಡೆ ನೀರು ಹೊರಗಡೆ ಇರುತ್ತೆ," ಎಂದ ಪ್ರಭುದೇವ್, ನಗು ತಡೆಯಲಾರದೆ. ಆದರೂ ಬಿಡಲಿಲ್ಲ. ನಾಳೆ ಬೆಳಿಗ್ಗೆವರೆಗೂ ನೀರು ಗೆರೆಯಲ್ಲೇ ನಿಂತರೆ ಮಾತ್ರ ಪಾಸು ಎಂದ.

"ಹಂಗಾದ್ರೆ ಕಾವಲಿಗೆ ನಾನೇ ಕೂರ್ತೀನಿ. ಇಷ್ಟು ದಿನ ಕದ್ದೋಳಿಗಿಂತ ಚೆನ್ನಾಗಿ ಕಾಯೋರು ಯಾರವ್ರೆ?" ಎಂದು ಕದರಮ್ಮ ದೋಣಿಯ ಕೆಳಗೆ ಚಾಪೆ ಹಾಸಿಯೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಟಾರ್ಪಾಲು ತೆಗೆದರು. ನೀರು ಗೆರೆಯನ್ನು ಮುಟ್ಟಿಕೊಂಡೇ ಇತ್ತು. ಪ್ರಭುದೇವ್ ಒಳಪದರದಲ್ಲಿ ಟೊಳ್ಳಿದೆಯೇ ಎಂದು ತಳಕ್ಕೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿ, "ಪಟ್ಟಿ ಯಾರು ಹಾಸಿದ್ದು?" ಎಂದ. ಈ ಸಲ ಪಾಲಪ್ಪನೇ ಗಂಗಲಕ್ಷ್ಮಿಯನ್ನು ಮುಂದಕ್ಕೆ ಕರೆದ. ದೋಣಿಯ ನೀರನ್ನು ಊರ ಹೆಂಗಸರು ಬಾಗಿಲು ತೆರೆದಿಟ್ಟೇ ಹಂಚಿಕೊಂಡರು.

ಮುಂದಿನ ತಿಂಗಳು ಎರಡನೆಯ ಯಾಟಿನ ತಳ ಎದ್ದಿತು. ಸಂಜೆ ಕೆಲಸ ಮುಗಿದರೂ ಗಂಗಲಕ್ಷ್ಮಿ ಉಳಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದರ ಅಂಚನ್ನು ಉಜ್ಜುಕಾಗದದಿಂದ ಸುತ್ತಲೂ ನಯ ಮಾಡುತ್ತಿದ್ದಳು. ಅಷ್ಟು ಬೇಗ ಅಂಚು ಉಜ್ಜುವುದು ಕೆಲಸದ ಕ್ರಮವಲ್ಲ. ಪಾಲಪ್ಪ ನೋಡಿ, ಇನ್ನೊಂದಷ್ಟು ಉಜ್ಜುಕಾಗದ ತಂದಿಟ್ಟು ಹೋದ.

ಅವಳು ಮನೆಗೆ ಬಂದು, ಮೈ ತೊಳೆದು, ಮಗುವನ್ನು ಎತ್ತಿಕೊಂಡಳು. ತೊಡೆ ತಿರುಗಿಸಿ ನೋಡಿದಳು. ಈಗ ದಿನವೂ ನೋಡುತ್ತಾಳೆ.

"ಹೊಸದಕ್ಕೆ ನೀರು ಯಾವತ್ತು ತುಂಬ್ಸೋದಂತೆ?" ಎಂದಳು ಕದರಮ್ಮ, ಒಲೆಯ ಕಡೆ ಮುಖ ಮಾಡಿಕೊಂಡೇ.

ಗಂಗಲಕ್ಷ್ಮಿ ಅತ್ತೆಯ ಕಡೆ ತಿರುಗಿದಳು.

"ಯಾಕತ್ತೆ?"

"ಸುಮ್ನೆ ಕೇಳ್ದೆ ಕಣಮ್ಮ."