ಬಾಗಿಲಿಗೆ ಅಂಟಿಸಿದ ಹದಿನೇಳು ಸಾಲು

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಮಹಾ ಮೇಧಾವಿ. ಹೇಳಿಕೊಡದೇ ಇದ್ದದ್ದರಲ್ಲೇ ಪರೀಕ್ಷೆ ಮಾಡುವ ವಿದ್ಯೆ ಅವರಿಗೆ ಕರಗತವಾಗಿತ್ತು. ಪ್ರಯೋಗದ ಪುಸ್ತಕಕ್ಕೆ ಕೆಂಪು ಗೀಟು ಎಳೆದು ಅಂಕ ಕಳೆಯುವರು. ಏಕೆಂದು ಕೇಳಿದರೆ, "ಇದನ್ನೂ ಹೇಳ್ಕೊಡ್ಬೇಕಾ?" ಎನ್ನುವರು.

ಆ ಪುಸ್ತಕಗಳನ್ನು ಹೊತ್ತು ತಿರುಗುತ್ತಿದ್ದವಳು ಲ್ಯಾಬ್ ಅಕ್ಕ. ಓದಿದ್ದು ಹತ್ತನೇ ತರಗತಿ. ಇಪ್ಪತ್ತೆರಡು ವರ್ಷದಿಂದ ಮಸೂರ, ತಕ್ಕಡಿ ಒರೆಸಿ ಜೋಡಿಸುವ ಕೆಲಸ. ಅವಳ ಮಗಳೂ ಮೇಷ್ಟ್ರ ಕೈಗೇ ಸಿಕ್ಕಿ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಆದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ.

"ಲೆಕ್ಕ ಎಲ್ಲ ಸರಿಯಾಗೇ ಇದೆಯಂತಲ್ಲ ಸಾರ್, ಎಲ್ಲಿ ತಪ್ಪಿದಾಳೆ?" ಅಕ್ಕ ಕೇಳಿದಳು.

"ಬುನಾದಿನೇ ಇಲ್ಲಮ್ಮ. ಅದೆಲ್ಲ ಇಲ್ಲಿಗೆ ಸೇರೋಕೆ ಮುಂಚೆನೇ ಬಂದಿರ್ಬೇಕು."

"ಅದೆಲ್ಲ ಅಂದ್ರೆ ಯಾವ್ದು ಸಾರ್?"

ಮೇಷ್ಟ್ರು ಟೀ ಕುಡಿದರು.

ಅಕ್ಕ ಲ್ಯಾಬಿನ ಬೀರು ತೆಗೆದಳು. ಒಂದು ವಾರ ಊಟದ ಬಿಡುವಿನಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಹರವಿಕೊಂಡು, ಕೆಂಪು ಗೀಟು ಬಿದ್ದ ಜಾಗಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದಳು. ಕೊನೆಗೆ ಹದಿನೇಳು ಸಾಲು ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದಳು. ಆ ಸಲ ಮಗಳಷ್ಟೇ ಅಲ್ಲ, ಇಡೀ ತರಗತಿ ಪಾಸು.

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಹಾಳೆ ಕಿತ್ತುಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, "ಗುಟ್ಟು ಬಯಲಾಗಿದೆ, ಫಲಿತಾಂಶ ರದ್ದು ಮಾಡಿ" ಎಂದು ಕೂಗಾಡಿದರು. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು.

"ಗ್ರಾಫಿನ ಎರಡೂ ಗೆರೆಗೆ ಹೆಸರು ಬರೀರಿ. ಉತ್ತರದ ಮುಂದೆ ಗ್ರಾಮೋ ಸೆಂಟಿಮೀಟರೋ ಹಾಕಿ. ತಪ್ಪಾದ ಅಂಕಿ ಉಜ್ಜಬೇಡಿ, ಒಂದೇ ಗೆರೆ ಎಳೀರಿ... ಇದ್ರಲ್ಲಿ ಏನ್ರೀ ಗುಟ್ಟು?"

"ಗುಟ್ಟಲ್ಲ ಸಾರ್, ಎಲ್ರಿಗೂ ಗೊತ್ತಿರ್ಬೇಕಾದ್ದೇ."

"ಮತ್ತೆ ಇಷ್ಟು ವರ್ಷ ನೀವ್ಯಾಕೆ ಹೇಳ್ಲಿಲ್ಲ?"

"ಹೇಳ್ಬಿಟ್ರೆ ಎಲ್ರೂ ಬರೆದುಬಿಡ್ತಾರಲ್ಲ ಸಾರ್!"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು ನಮ್ಮ ಪ್ರಿನ್ಸಿಪಾಲರು. ಫಲಿತಾಂಶ ಉಳಿಯಿತು. ಹದಿನೇಳು ಸಾಲನ್ನು ಅಚ್ಚು ಹಾಕಿಸಿ, ಕೆಳಗೆ ಮೇಷ್ಟ್ರ ಸಹಿ ಹಾಕಿಸಿ, ಪ್ರತಿ ವಿದ್ಯಾರ್ಥಿಗೂ ಹಂಚಲು ಆದೇಶವಾಯಿತು. ಅಕ್ಕನಿಗೆ ಸಿಕ್ಕಿದ್ದು, ಅನುಮತಿಯಿಲ್ಲದೆ ಬಾಗಿಲಿಗೆ ಕಾಗದ ಅಂಟಿಸಿದ್ದಕ್ಕೆ ನೋಟೀಸು. ಎರಡನ್ನೂ ಟೈಪ್ ಮಾಡಿದ ಗುಮಾಸ್ತ ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಮಾಡಿದೆ.

ಅಕ್ಕ ನನ್ನಿಂದ ನೋಟೀಸು ಈಸಿಕೊಳ್ಳುತ್ತಿದ್ದಾಗ ಮಗಳು ಅಚ್ಚಾದ ಹಾಳೆ ಹಿಡಿದು ಕಚೇರಿಗೇ ಬಂದಳು. "ಬರೆದಿದ್ದು ನೀನು, ಸಹಿ ಅವರದ್ದಾ ಅಮ್ಮ?"

ಅಕ್ಕ ನೋಟೀಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇರ್ಲಿ ಬಿಡೇ. ಸಹಿ ಹಾಕಿದ್ಮೇಲೆ ಅವರೇ ಹೇಳಿದ ಹಾಗಾಯ್ತು. ಇನ್ಮೇಲೆ ಯಾರ ಮಕ್ಕಳನ್ನ ಹೇಗೆ ಫೇಲ್ ಮಾಡ್ತಾರೋ ನೋಡೋಣ."